ಸ್ಕೂಟರ್ ಮುಂದೆ ನಿಂತ ಮಗು

ಮಧ್ಯಾಹ್ನ 1 ಗಂಟೆ. ಕಲಬುರಗಿಯ ಬಿಸಿಲು. ಅಪ್ಪನ ತಲೆಗೆ ಹೆಲ್ಮೆಟ್, ಅಮ್ಮನ ಮುಖಕ್ಕೆ ದುಪಟ್ಟಾ. ಸ್ಕೂಟರ್ ಮುಂದೆ ನಿಂತ ಮಗುವಿನ ತಲೆಗೆ? ಏನೂ ಇಲ್ಲ!

ಏಪ್ರಿಲ್, ಮೇನಲ್ಲಿ ಇಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ. ದೊಡ್ಡವರಿಗೇ ತಡೆಯಲಾಗದ ಬಿಸಿಲು ಅಂತ ತಾನೆ? ಮಕ್ಕಳ ಮೈ ನಮಗಿಂತ ಬೇಗ ಕಾಯುತ್ತೆ. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ, ಬೆವರೋದು ಕಡಿಮೆ. ಆಟದ ಗುಂಗಲ್ಲಿ ಬಾಯಾರಿಕೆ ನೆನಪಾಗೋದೇ ಇಲ್ಲ. ಕೇಳೋ ತನಕ ಕಾಯಬೇಡಿ. ನೀರು, ಮಜ್ಜಿಗೆ ಆಗಾಗ ಕೊಡ್ತಾ ಇರಿ. 6 ತಿಂಗಳೊಳಗಿನ ಕೂಸಿಗೆ ಮಾತ್ರ ನೀರು ಬೇಡ, ಎದೆಹಾಲನ್ನೇ ಇನ್ನೆರಡು ಸಲ ಹೆಚ್ಚಿಗೆ ಕೊಡಿ.

ಕನಿಷ್ಠ 12ರಿಂದ 3ರವರೆಗೆ ನೆರಳಲ್ಲಿರಲಿ. ತೆಳು ಹತ್ತಿಬಟ್ಟೆ, ತುಂಬುತೋಳು, ಅಗಲ ಅಂಚಿನ ಟೋಪಿ. ಬಿಸಿಲು ತಾಗದಿರಲಿ ಅಂತ ಕೂಸನ್ನು ಟವೆಲ್‌ನಲ್ಲಿ ಬಿಗಿಯಾಗಿ ಸುತ್ತೋರಿದ್ದಾರೆ. ಅಜ್ಜಿಯರು ಬೈದರೂ ಹೇಳ್ತೀನಿ, ಒಳಗೆ ಕೂಸು ಬೇಯುತ್ತೆ. ಇನ್ನು ನಿಲ್ಲಿಸಿದ ಕಾರು? ಎರಡೇ ನಿಮಿಷ ಅಂತಲೂ ಮಗುವನ್ನು ಒಳಗೆ ಬಿಡಬೇಡಿ.

ಮೈ ಕಾದು, ವಾಂತಿಯಾಗಿ, ಮಗು ಮಂಕಾಯ್ತಾ? ನೆರಳಿಗೆ ತನ್ನಿ. ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಲೇಬೇಡಿ.