ಜಾಂಗೋ ಕಲಿಯಲು ಕೂತವರು ಯಾವ ಪುಟ ಮೊದಲು ಓದಬೇಕು?

ಪೈಥಾನ್ ಭಾಷೆ ಒಂದಿಷ್ಟು ಬಲ್ಲ ಪದವಿ ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ ಇದು: "ವೆಬ್‌ಸೈಟ್ ಕಟ್ಟೋಣವೆಂದು ಜಾಂಗೋ ಫ್ರೇಮ್‌ವರ್ಕ್‌ನ ಡಾಕ್ಯುಮೆಂಟೇಶನ್ ತೆರೆದೆ. ಎರಡು ಪುಟ ಓದುವಷ್ಟರಲ್ಲಿ ತಲೆ ಕೆಟ್ಟುಹೋಯಿತು. ಇದು ಬರೆದವರ ತಪ್ಪೋ, ನನ್ನ ದಡ್ಡತನವೋ?" ಎರಡೂ ಅಲ್ಲ. ಆಕೆ ಮೊದಲು ತೆರೆದದ್ದು ಮಾಡೆಲ್ ಫೀಲ್ಡ್‌ಗಳ ಪೂರ್ತಿ ವಿವರವಿರುವ ರೆಫರೆನ್ಸ್ ಪುಟ. ಆ ಪುಟದಲ್ಲಿ ಕೊರತೆಯೇನಿಲ್ಲ. ಆದರೆ ಅದನ್ನು ಬರೆದಿರುವುದು ಈಗಾಗಲೇ ಜಾಂಗೋ ಬಳಸುತ್ತಿರುವವರಿಗಾಗಿ.

ಬಲ್ಲವರು ಬರೆದದ್ದು ಹೊಸಬರಿಗೆ ಯಾಕೆ ದಕ್ಕುವುದಿಲ್ಲ? 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ನ್ಯೂಟನ್ ತಮ್ಮ ಸಂಶೋಧನೆಗಾಗಿ ಒಂದು ಸರಳ ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಪರಿಚಿತವಾದ ಹಾಡೊಂದರ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಎದುರಿಗಿದ್ದವರು ಅದು ಯಾವ ಹಾಡೆಂದು ಹೇಳಬೇಕು. ಅರ್ಧದಷ್ಟನ್ನಾದರೂ ಗುರುತಿಸಿಯಾರು ಎಂಬುದು ತಟ್ಟಿದವರ ಅಂದಾಜಾಗಿತ್ತು. 120 ಹಾಡುಗಳಲ್ಲಿ ಕೇಳಿದವರು ಗುರುತಿಸಿದ್ದು 3 ಮಾತ್ರ. ತಟ್ಟುವವರ ತಲೆಯೊಳಗೆ ಇಡೀ ಹಾಡು ನಡೆಯುತ್ತಿರುತ್ತದೆ, ಎದುರಿನವರಿಗೆ ಕೇಳಿಸುವುದು ಟಕ್ ಟಕ್ ಸದ್ದಷ್ಟೇ. ಒಂದು ವಿಷಯ ತಿಳಿದ ಮೇಲೆ, ಅದು ತಿಳಿಯದ ಸ್ಥಿತಿ ಹೇಗಿರುತ್ತದೆಂದು ಊಹಿಸಿಕೊಳ್ಳುವುದೇ ಕಷ್ಟವಾಗುತ್ತದೆ. ತಂತ್ರಾಂಶದ ವಿವರ ಬರೆಯುವ ಎಂಜಿನಿಯರ್‌ಗಳೂ ಇದಕ್ಕೆ ಹೊರತಲ್ಲ.

ಕಲಿಯುವವರ ಕಡೆಯ ಕಷ್ಟವನ್ನು ಬಿಡಿಸಿ ತೋರಿಸಿದವರು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಸ್ವೆಲ್ಲರ್. ಒಂದೇ ಹೊತ್ತಿಗೆ ನಾವು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಹೊಸ ಸಂಗತಿಗಳು ಬೆರಳೆಣಿಕೆಯಷ್ಟು. ಮಾಡೆಲ್, ವ್ಯೂ, ಟೆಂಪ್ಲೇಟ್, ಯುಆರ್‌ಎಲ್, ಮೈಗ್ರೇಶನ್ ಎಲ್ಲವೂ ಒಟ್ಟಿಗೆ ಎರಗಿದರೆ ಅರ್ಥ ಮಾಡಿಕೊಳ್ಳಲು ಜಾಗವೇ ಉಳಿಯುವುದಿಲ್ಲ. 1985ರಲ್ಲಿ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ ಬೀಜಗಣಿತ ಕಲಿಯುವ ವಿದ್ಯಾರ್ಥಿಗಳ ಮೇಲೆ ಪರೀಕ್ಷೆ ನಡೆಸಿದರು. ಬರೀ ಲೆಕ್ಕಗಳನ್ನು ಕೊಟ್ಟು ಬಿಡಿಸಲು ಹೇಳಿದ ಗುಂಪಿಗಿಂತ, ಹೆಜ್ಜೆ ಹೆಜ್ಜೆಯಾಗಿ ಬಿಡಿಸಿದ ಮಾದರಿಗಳನ್ನು ಮೊದಲು ಓದಿದ ಗುಂಪು ಮುಂದೆ ಅದೇ ಬಗೆಯ ಲೆಕ್ಕಗಳನ್ನು ಬೇಗ ಬಿಡಿಸಿತು. ಹೊಸಬರಿಗೆ ಮೊದಲು ಬೇಕಾದದ್ದು ಪೂರ್ತಿ ಮಾಡಿ ತೋರಿಸಿದ ಒಂದು ಕೆಲಸ.

ಜಾಂಗೋದ ಹಿರಿಮೆ ಇರುವುದು ಇಲ್ಲೇ. ಅದು ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ 'ಲಾರೆನ್ಸ್ ಜರ್ನಲ್-ವರ್ಲ್ಡ್' ಪತ್ರಿಕೆಯ ಕಚೇರಿಯಲ್ಲಿ. ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಅದನ್ನು ಶುರು ಮಾಡಿದರು. ಆಮೇಲೆ ಜೇಕಬ್ ಕ್ಯಾಪ್ಲನ್-ಮಾಸ್ ಜೊತೆಯಾದರು. 2005ರ ಜುಲೈನಲ್ಲಿ ಅದು ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ದೊರಕಿತು. ಬರೆಯುವುದೇ ಕಸುಬಾದ ಕಚೇರಿಯಲ್ಲಿ ಬೆಳೆದ ಈ ತಂತ್ರಾಂಶಕ್ಕೆ ಒಳ್ಳೆಯ ವಿವರಣೆ ಬರೆಯುವುದು ಮೊದಲಿನಿಂದಲೂ ಮುಖ್ಯ ಕೆಲಸವೇ ಆಗಿತ್ತು. ಅದರ ಟ್ಯುಟೋರಿಯಲ್ ನಿಮ್ಮಿಂದ ಮತ ಹಾಕುವ ಒಂದು ಪುಟ್ಟ ಸೈಟ್ ಕಟ್ಟಿಸುತ್ತದೆ. ಮೊದಲ ಭಾಗ ಮುಗಿದಾಗ ಪರದೆಯ ಮೇಲೆ ಕಾಣುವುದು ಒಂದೇ ಸಾಲು. ಡೇಟಾಬೇಸ್ ಬರುವುದು ಎರಡನೆಯ ಭಾಗದಲ್ಲಿ. ಟೆಂಪ್ಲೇಟನ್ನು ಮೊದಲು ಉದ್ದದ ದಾರಿಯಲ್ಲಿ ಬರೆಸಿ, ಆಮೇಲೆ ಅದೇ ಕೆಲಸಕ್ಕಿರುವ ಅಡ್ಡದಾರಿ ತೋರಿಸುತ್ತಾರೆ. ಕೈಯಾರೆ ಬರೆಸಿದ ವ್ಯೂಗಳನ್ನು ಮುಂದಿನ ಹಂತದಲ್ಲಿ ಅಳಿಸಿ, ಜಾಂಗೋದಲ್ಲಿ ಸಿದ್ಧವಾಗಿರುವವನ್ನು ಬಳಸಲು ಹೇಳುತ್ತಾರೆ. ಅಳಿಸಿದ್ದೇನೂ ವ್ಯರ್ಥವಲ್ಲ. ಸಿದ್ಧ ವ್ಯೂ ಒಳಗೆ ಏನು ಮಾಡುತ್ತದೆಂಬುದು ಕಲಿತವರಿಗೆ ಆಗಲೇ ಗೊತ್ತಿರುತ್ತದೆ.

ಹಾಗಾದರೆ ಒಳ್ಳೆಯ ಟ್ಯುಟೋರಿಯಲ್ ಒಂದಿದ್ದರೆ ಸಾಕೇ? ಸಾಲದು. ಜಾಂಗೋ ಬಳಗದವರೇ ಆದ ಡೇನಿಯೆಲೆ ಪ್ರೋಚಿದ 'ಡಯಾಟಾಕ್ಸಿಸ್' ಎಂಬ ಹೆಸರಿನಲ್ಲಿ ಒಂದು ಚೌಕಟ್ಟು ಕೊಟ್ಟಿದ್ದಾರೆ. ಅವರ ಪ್ರಕಾರ ಡಾಕ್ಯುಮೆಂಟೇಶನ್ ನಾಲ್ಕು ಬಗೆಯದು: ಪಾಠ, ಮಾಡುವ ಕ್ರಮ, ಆಕರ, ವಿವರಣೆ. ಇದನ್ನು ಹೇಳಲು ಅವರು ಅಡುಗೆಯ ಹೋಲಿಕೆ ಕೊಡುತ್ತಾರೆ. ನಮ್ಮ ಅಡುಗೆಮನೆಗೆ ತಂದರೆ ಜೋಳದ ರೊಟ್ಟಿಯಷ್ಟು ಚೆನ್ನಾಗಿ ಒಪ್ಪುವ ಉದಾಹರಣೆ ಇನ್ನೊಂದಿಲ್ಲ.

ಮಗುವಿಗೆ ರೊಟ್ಟಿ ಕಲಿಸುವ ಅಜ್ಜಿ ಎಸರು ತಾನೇ ಕಾಯಿಸಿ, ಹಿಟ್ಟು ತಾನೇ ನಾದಿ, ಒಂದು ಸಣ್ಣ ಉಂಡೆಯನ್ನು ಮಗುವಿನ ಕೈಗೆ ಕೊಡುತ್ತಾಳೆ. ರೊಟ್ಟಿ ಹರಿದರೂ ಅಂಚು ದಪ್ಪವಾದರೂ ಚಿಂತೆಯಿಲ್ಲ, ಮಗುವಿನ ಕೈ ಪಳಗಬೇಕು. ಇದು ಪಾಠ. ರೊಟ್ಟಿ ಮಾಡಲು ಬಲ್ಲ ಸೊಸೆಗೆ ಬೇಕಾದದ್ದು ತಿಂಗಳು ಇಟ್ಟರೂ ಕೆಡದ ಖಡಕ್ ರೊಟ್ಟಿ ಹೇಗೆ ಮಾಡುವುದೆಂಬ ಮಾತು. ಇದು ಮಾಡುವ ಕ್ರಮ. ಜೋಳದ ತಳಿ ಯಾವುದು, ಹಿಟ್ಟು ಎಷ್ಟು ದಿನ ಇರುತ್ತದೆ, ಅದರಲ್ಲಿ ಏನೇನಿದೆ ಎಂಬ ಪಟ್ಟಿ ಆಕರ. ಎಸರು ಕುದಿಯುತ್ತಿರಬೇಕು ಯಾಕೆ ಎಂದರೆ, ಜೋಳದಲ್ಲಿ ಗೋಧಿಯ ಹಾಗೆ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇಲ್ಲ, ಕುದಿನೀರು ಪಿಷ್ಟವನ್ನು ಅರೆಬೇಯಿಸಿ ಅಂಟು ತರಿಸುತ್ತದೆ ಎಂಬುದು ವಿವರಣೆ. ನಾಲ್ಕೂ ಬೇಕು. ಆದರೆ ಮಗುವಿನ ಕೈ ಹಿಟ್ಟಿನಲ್ಲಿರುವಾಗ ಪಿಷ್ಟದ ಪಾಠ ಹೇಳಿದರೆ ಮಗು ರೊಟ್ಟಿಯನ್ನೂ ಕಲಿಯುವುದಿಲ್ಲ, ಪಿಷ್ಟವನ್ನೂ ಕಲಿಯುವುದಿಲ್ಲ. ಎಷ್ಟೋ ಟ್ಯುಟೋರಿಯಲ್‌ಗಳು ಕೆಡುವುದು ಹೀಗೆ ನಾಲ್ಕನ್ನೂ ಒಂದೇ ಪುಟದಲ್ಲಿ ಕಲಸುವುದರಿಂದ.

ಕಲಿಯುವ ಮಗುವಿಗೂ ಬಲ್ಲ ಸೊಸೆಗೂ ಬೇಕಾದದ್ದು ಬೇರೆ ಬೇರೆ ಎಂಬುದಕ್ಕೆ ಪ್ರಯೋಗದ ಆಧಾರವೂ ಇದೆ. ಸ್ಲಾವಾ ಕಲ್ಯುಗ ಮತ್ತು ಸ್ವೆಲ್ಲರ್ ತಂಡದ ಅಧ್ಯಯನಗಳಲ್ಲಿ, ಹೊಸಬರಿಗೆ ನೆರವಾದ ಹೆಜ್ಜೆ ಹೆಜ್ಜೆಯ ಮಾರ್ಗದರ್ಶನವೇ ಪಳಗಿದವರಿಗೆ ಅಡ್ಡಿಯಾದದ್ದು ಕಂಡುಬಂದಿದೆ. ಹೊಸಬರಿಗೂ ನುರಿತವರಿಗೂ ಒಂದೇ ಪುಟ ಸರಿಹೊಂದುವುದಿಲ್ಲ.

ಈಗ ಎಐ ಚಾಟ್ ಇರುವಾಗ ಡಾಕ್ಯುಮೆಂಟೇಶನ್ ಯಾಕೆ ಬೇಕು ಎಂಬ ಮಾತು ಜೋರಾಗಿ ಕೇಳಿಬರುತ್ತಿದೆ. ನಾನು ಒಪ್ಪುವುದಿಲ್ಲ. ಏನು ಕೇಳಬೇಕೆಂದು ಗೊತ್ತಿರುವವರಿಗೆ ಎಐ ಚಾಟ್ ದೊಡ್ಡ ಅನುಕೂಲ. ಹೊಸಬರಿಗೆ ಕಾಡುವುದೇ ಏನು ಕೇಳಬೇಕೆಂದು ತಿಳಿಯದಿರುವುದು. ಮುಂದಿನ ಹೆಜ್ಜೆ ಯಾವುದೆಂದು ಮೊದಲೇ ಯೋಚಿಸಿಟ್ಟ ಪಾಠ ಅವರಿಗೆ ಬೇಕು.

ಇನ್ನೊಂದು ಎಚ್ಚರ ಆವೃತ್ತಿಯದು. 2017ರ ಡಿಸೆಂಬರ್‌ನಲ್ಲಿ ಬಂದ ಜಾಂಗೋ 2.0 ವಿಳಾಸಗಳನ್ನು ಬರೆಯುವ ಹೊಸ ಕ್ರಮ ತಂದಿತು. 2021ರ ಡಿಸೆಂಬರ್‌ನ 4.0 ಆವೃತ್ತಿ ಹಳೆಯ 'ಯುಆರ್‌ಎಲ್' ಫಂಕ್ಷನ್ನನ್ನೇ ತೆಗೆದುಹಾಕಿತು. ಅದಕ್ಕಿಂತ ಹಿಂದಿನ ವಿಡಿಯೊ ನೋಡಿಕೊಂಡು ಅಕ್ಷರ ತಪ್ಪದೆ ಟೈಪ್ ಮಾಡಿದರೂ ಪರದೆ ದೋಷ ತೋರಿಸಬಹುದು. ಆಗ ತಪ್ಪು ಕಲಿಯುವವರದ್ದಲ್ಲ, ಪಾಠದ ವಯಸ್ಸಿನದು.

ಪ್ರಶ್ನೆ ಕೇಳಿದ ವಿದ್ಯಾರ್ಥಿನಿಗೆ ನನ್ನ ಸಲಹೆ ಇಷ್ಟು: ನಿಮ್ಮ ಕಂಪ್ಯೂಟರಿನಲ್ಲಿರುವ ಆವೃತ್ತಿಯದೇ ಟ್ಯುಟೋರಿಯಲ್ ತೆರೆಯಿರಿ, ನಕಲು ಮಾಡಿ ಅಂಟಿಸದೆ ಕೈಯಿಂದ ಟೈಪ್ ಮಾಡಿ, ಅರ್ಥವಾಗದ ಸಾಲಿನಲ್ಲಿ ನಿಂತುಬಿಡದೆ ಭಾಗ ಮುಗಿಸಿ. ರೆಫರೆನ್ಸ್ ಪುಟಕ್ಕೆ ಆಮೇಲೆ ಹೋಗಿ. ಕಮಾಂಡ್ ಲೈನ್ ಎಂದರೇನು ಎಂಬಲ್ಲಿಂದಲೇ ಶುರುವಾಗಬೇಕಿದ್ದರೆ 'ಜಾಂಗೋ ಗರ್ಲ್ಸ್' ಟ್ಯುಟೋರಿಯಲ್ ಇದೆ. ಓಲಾ ಸಿತಾರ್ಸ್ಕಾ ಮತ್ತು ಓಲಾ ಸೆಂಡೆಕಾ 2014ರಲ್ಲಿ ಬರ್ಲಿನ್‌ನಲ್ಲಿ ನಡೆಸಿದ ಕಾರ್ಯಾಗಾರದಿಂದ ಬೆಳೆದ ಪಾಠ ಅದು. ಯಾರು ಬೇಕಾದರೂ ಅನುವಾದಿಸಿ ಹಂಚಬಹುದಾದ ಪರವಾನಗಿಯಲ್ಲಿದೆ, ಸ್ವಯಂಸೇವಕರು ಅದನ್ನು ಹಲವು ಭಾಷೆಗಳಿಗೆ ತಂದಿದ್ದಾರೆ.

ಜಾಂಗೋ ಬೆಂಬಲಿಸುವ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಸೆಟ್ಟಿಂಗ್‌ನಲ್ಲಿ ಭಾಷೆಯ ಸಂಕೇತ ಬದಲಿಸಿದರೆ ಅದರ ಹಲವು ಸಂದೇಶಗಳು ಕನ್ನಡದಲ್ಲೇ ಕಾಣುತ್ತವೆ. ಇದನ್ನು ಸಾಧ್ಯವಾಗಿಸಿದ್ದು ಅನುವಾದಕರ ಶ್ರಮ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಹೊಸ ವಿಷಯದ ಜೊತೆಗೆ ಇಂಗ್ಲಿಷಿನ ಭಾರವನ್ನೂ ಹೊರುತ್ತಾರೆ. ಜಾಂಗೋ ಬಲ್ಲ ಕನ್ನಡಿಗ ಎಂಜಿನಿಯರ್‌ಗಳಲ್ಲಿ ನನ್ನ ವಿನಂತಿ: ಒಂದು ಪಾಠವನ್ನಾದರೂ ಕನ್ನಡಕ್ಕೆ ತನ್ನಿ, ಪ್ರಕಟಿಸುವ ಮೊದಲು ಏನೂ ಗೊತ್ತಿಲ್ಲದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ ಓದಿಸಿ, ಅವರು ತಡವರಿಸಿದ ಕಡೆಯಲ್ಲೆಲ್ಲ ತಿದ್ದಿ ಬರೆಯಿರಿ.