ಶಾಲೆ ಕಟ್ಟಿಯ ಮೇಲಿನ ಬಾಟಲಿ ಯಾರ ಲೆಕ್ಕಕ್ಕೆ?

ಧಾರವಾಡ ಜಿಲ್ಲೆಯ ಗ್ರಾಮೀಣ ಠಾಣೆಗಳ ಎಫ್‌ಐಆರ್‌ಗಳನ್ನು ಒಂದಷ್ಟು ಓದಿದವರಿಗೆ ಅದರ ಧಾಟಿ ಬಾಯಿಪಾಠವಾಗಿಬಿಡುತ್ತದೆ. ಊರು ನವಲಗುಂದ ತಾಲ್ಲೂಕಿನದಿರಲಿ, ಕಲಘಟಗಿಯದಿರಲಿ, ಜಾಗ ಮಾತ್ರ ಗುಡಿಯ ಹಿಂದಿನ ಬಯಲು, ಹಳ್ಳದ ದಂಡೆ, ಇಲ್ಲವೇ ಬಸ್ ನಿಲ್ದಾಣದ ಹತ್ತಿರದ ಸಾರ್ವಜನಿಕ ಸ್ಥಳ. ಆರೋಪಿತರು ತಮ್ಮ ತಮ್ಮ ಫಾಯದೆಗೋಸ್ಕರ ರೊಕ್ಕ ಪಣಕ್ಕೆ ಹಚ್ಚಿ ಅಂದರ್-ಬಾಹರ್ ಎಂಬ ಇಸ್ಪೀಟ್ ಜೂಜಾಟ ಆಡುತ್ತಿದ್ದರು. ಕಲಂ 87, ಕರ್ನಾಟಕ ಪೊಲೀಸ್ ಕಾಯ್ದೆ. ಓಸಿ ಎಂಬ ಮಟ್ಕಾ ಚೀಟಿ ಬರೆಯುತ್ತಿದ್ದರೆ 78(3). ಸಾರ್ವಜನಿಕ ಜಾಗದಲ್ಲಿ ಕುಡಿಯಲು ಅನುವು ಮಾಡಿಕೊಟ್ಟಿದ್ದರೆ ಅಬಕಾರಿ ಕಾಯ್ದೆಯ 15(ಎ) ಮತ್ತು 32(3).

ಈ ಕಾಗದದಲ್ಲಿ ಎಲ್ಲರೂ ಇರುತ್ತಾರೆ. ಆರೋಪಿ, ಪಂಚರು, ಜಪ್ತಾದ ಐವತ್ತೆರಡು ಎಲೆ, ಹಳೆಯ ಪೇಪರ್ ಹಾಸು. ಕಾಣದಿರುವುದು ಗ್ರಾಮ ಪಂಚಾಯತಿ. ಆ ಬಯಲು ಪಂಚಾಯತಿಯದು, ಅಲ್ಲಿ ಉರಿಯಬೇಕಾದ ದೀಪ ಪಂಚಾಯತಿಯದು, ಪಕ್ಕದ ಡಬ್ಬಿ ಅಂಗಡಿಗೆ ಪರವಾನಗಿ ಕೊಡಬೇಕಾದದ್ದೂ ಪಂಚಾಯತಿಯೇ. ಆದರೂ ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳು ಎದ್ದು ನಿಂತು ‘ಸಾಲಿ ಕಟ್ಟಿ ಮ್ಯಾಲೆ ಕುಡದು ಬಾಟ್ಲಿ ಒಡದು ಹೋಗ್ತಾರ್ರೀ, ಏನಾರ ಮಾಡ್ರಿ’ ಎಂದರೆ ವೇದಿಕೆಯಿಂದ ಬರುವ ಉತ್ತರ ಒಂದೇ: ‘ಅದು ನಮ್ಮ ವ್ಯಾಪ್ತಿಗೆ ಬರೂದಿಲ್ಲವಾ, ಪೊಲೀಸರಿಗೆ ಹೇಳ್ರಿ.’ ಮಕ್ಕಳ ಗ್ರಾಮಸಭೆಯಲ್ಲಿ ಐದನೇ ತರಗತಿಯ ಹುಡುಗಿ ಇದನ್ನೇ ಕೇಳಿದರೆ ಚಪ್ಪಾಳೆ ಬೀಳುತ್ತದೆ. ಉತ್ತರ ಮಾತ್ರ ಬದಲಾಗುವುದಿಲ್ಲ.

ಈ ಉತ್ತರ ಅರ್ಧ ಸತ್ಯ. ಉಳಿದ ಅರ್ಧವನ್ನು ನೋಡುವ ಮುಂಚೆ, ಕುಡಿತ ಬಯಲಿಗೆ ಬಂದದ್ದು ಹೇಗೆ ಎಂಬುದನ್ನು ಗಮನಿಸಬೇಕು.

ಸಿಎಲ್-2 ಸನ್ನದಿನ ವೈನ್ ಶಾಪಿನಲ್ಲಿ ಬಾಟಲಿ ಕೊಳ್ಳಬಹುದು, ಅಲ್ಲೇ ಕುಳಿತು ಕುಡಿಯುವಂತಿಲ್ಲ. ಕುಡಿಯಲು ಸಿಎಲ್-9ರ ಬಾರ್ ಬೇಕು, ಅಲ್ಲಿ ದರ ಹೆಚ್ಚು. ಹೊಸದಾಗಿ ಈ ಎರಡೂ ಬಗೆಯ ಸನ್ನದು ಕೊಡುವುದನ್ನು ಸರ್ಕಾರ 1992ರ ಸುಮಾರಿಗೆ ನಿಲ್ಲಿಸಿತು. ಆಮೇಲೆ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಅಂಗಡಿ ಮುಚ್ಚಿದರೂ ಸಾರಾಯಿ ಕುಡಿಯುತ್ತಿದ್ದವರು ಎಲ್ಲಿಯೂ ಹೋಗಲಿಲ್ಲ, 90 ಎಂಎಲ್ ಪಾಕೀಟಿಗೆ ಬಂದರು. ಕಾನೂನಿನ ಅಂಗಡಿ ಪೇಟೆಯಲ್ಲಿ ಉಳಿದು, ಹಳ್ಳಿಯಲ್ಲಿ ಕಿರಾಣಿ ಅಂಗಡಿಯ ಅಕ್ಕಿ ಚೀಲದ ಹಿಂದೆ, ಪಾನ್ ಡಬ್ಬಿಯ ಕೆಳಗೆ ಕಾನೂನಿಲ್ಲದ ಅಂಗಡಿ ಹುಟ್ಟಿತು. ಕೊಂಡವನು ಮನೆಯಲ್ಲಿ ಹೆಂಡತಿ ಮಕ್ಕಳ ಎದುರು ಕುಡಿಯಲು ಹಿಂಜರಿಯುತ್ತಾನೆ, ಅಂಗಡಿಯವನು ಅಲ್ಲಿ ನಿಲ್ಲಗೊಡುವುದಿಲ್ಲ. ಸಂಜೆಗೆ ಖಾಲಿ ಇರುವ, ನೆರಳು-ಕಟ್ಟಿ-ನೀರು ಮೂರೂ ಇರುವ ಜಾಗ ಊರಲ್ಲಿ ಯಾವುದು? ಸರ್ಕಾರಿ ಶಾಲೆ.

ಇತ್ತ 2025–26ನೇ ಸಾಲಿಗೆ ಅಬಕಾರಿಯಿಂದ ಬರಬೇಕೆಂದು ರಾಜ್ಯ ಸರ್ಕಾರ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಗುರಿ ಬೆಂಗಳೂರಿನಲ್ಲಿ ಬರೆದದ್ದು, ಬಾಟಲಿ ಆರಿಸುವುದು ಕುಂದಗೋಳದ ಹಳ್ಳಿಯ ಬಿಸಿಯೂಟದ ಅಕ್ಕ.

ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ ಎನ್ನುವ ಹಿರಿಯರಿದ್ದಾರೆ. ‘ಗೌಡ್ರು ಚಾವಡ್ಯಾಗ ಕುಂದರಸತಿದ್ರು, ಮರದಿನ ಹಾದಿಗೆ ಬರತಿದ್ರು’ ಎಂದು ಹೇಳುತ್ತಾರೆ. ಅದು ಬರೀ ಹರಟೆಯೂ ಅಲ್ಲ. ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲಕ್ಕೆ 1867ರ ಗ್ರಾಮ ಪೊಲೀಸ್ ಕಾಯ್ದೆಯಡಿ ಪೊಲೀಸ್ ಪಾಟೀಲರಿಗೆ, ಅಂದರೆ ಊರ ಗೌಡರಿಗೆ, ಸಣ್ಣಪುಟ್ಟ ಹೊಡೆದಾಟ, ಬೈದಾಟಕ್ಕೆ 24 ಗಂಟೆಯ ಮಟ್ಟಿಗೆ ಚಾವಡಿಯಲ್ಲಿ ಕೂಡಿಹಾಕುವ ಅಧಿಕಾರವಿತ್ತು. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಗೊಳಿಸುವ ಕಾಯ್ದೆ 1961ರಲ್ಲಿ ಬಂತು, 1963ರಿಂದ ಜಾರಿಯಾಯಿತು. ಚಾವಡಿಯ ಕೀಲಿ ಗೌಡರ ಕೈ ಬಿಟ್ಟಿತು. ಅದು ಪಂಚಾಯತಿಯ ಕೈಗೆ ಬರದೆ ತಾಲ್ಲೂಕಿನ ಠಾಣೆಗೆ ಹೋಯಿತು. ಗೌಡರ ಕೈ ಬಿಟ್ಟದ್ದಕ್ಕೆ ನನಗೆ ಎಳ್ಳಷ್ಟೂ ವ್ಯಥೆ ಇಲ್ಲ. ಆ 24 ಗಂಟೆ ಗೌಡರ ತಮ್ಮನಿಗೆ ಎಷ್ಟು ಸಲ ಬಿದ್ದೀತು, ಕೇರಿಯ ಹುಡುಗನಿಗೆ ಎಷ್ಟು ಸಲ ಬಿದ್ದೀತು ಎಂದು ಯಾರಾದರೂ ಊಹಿಸಬಹುದು.

ಹಳೆಯ ಊರಿಗೆ ಇನ್ನೊಂದು ಉಪಾಯವೂ ಗೊತ್ತಿತ್ತು. ಪುಂಡಾಟಿಕೆಗೆ ಒಂದು ಹಂಗಾಮು ಕೊಟ್ಟುಬಿಡುವುದು. ನವಲಗುಂದದ ರಾಮಲಿಂಗ ಕಾಮಣ್ಣನ ಹೋಳಿಗೆ ಹರಕೆ ಹೊತ್ತು ಬರುವ ಭಕ್ತರೂ ಇದ್ದಾರೆ, ಬಾಯಿಗೆ ಕೈ ಹಚ್ಚಿ ಲಬೋ ಲಬೋ ಎನ್ನುವವರೂ ಇದ್ದಾರೆ. ಕಟ್ಟಿಗೆ, ಕುಳ್ಳು ಕದಿಯುವುದಕ್ಕೂ ಬೈಗುಳಕ್ಕೂ ಆ ಕೆಲವು ದಿನ ಮಾಫಿ. ಈಗ ಹೋಳಿಗೂ ಶಾಂತಿ ಸಭೆ, ಬಂದೋಬಸ್ತ್, ಡಿಜೆಗೆ ತಡೆ. ವರ್ಷದ ಉಳಿದ ರಾತ್ರಿಗಳಿಗೆ ಮಾತ್ರ ಯಾವ ಸಭೆಯೂ ಇಲ್ಲ.

ಇನ್ನು ಆ ಉಳಿದ ಅರ್ಧ ಸತ್ಯದ ವಿಚಾರ. ನವಲಗುಂದ, ಅಣ್ಣಿಗೇರಿಗಳದು ಪುರಸಭೆ, ಕುಂದಗೋಳ, ಕಲಘಟಗಿಗಳದು ಪಟ್ಟಣ ಪಂಚಾಯತಿ. ಇವು ನಡೆಯುವುದು 1964ರ ಪುರಸಭೆಗಳ ಕಾಯ್ದೆಯಂತೆ. ಬೀದಿದೀಪ, ಸ್ವಚ್ಛತೆ, ಸಾರ್ವಜನಿಕ ಉಪದ್ರವದ ನಿವಾರಣೆ ಅವುಗಳ ಕಡ್ಡಾಯ ಕರ್ತವ್ಯ, ಉಪವಿಧಿ ಮಾಡಿ ದಂಡ ಹಾಕುವ ಅವಕಾಶವೂ ಉಂಟು. ಹಳ್ಳಿಗಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ. ಅಲ್ಲಿಯೂ ದೀಪ, ರಸ್ತೆ, ಅತಿಕ್ರಮಣ ತೆರವು, ಅಂಗಡಿ-ಹೋಟೆಲುಗಳ ಪರವಾನಗಿ ಪಂಚಾಯತಿಯವೇ. ಪಂಚಾಯತಿಗೆ ಇಲ್ಲದ್ದು ಬಂಧಿಸುವ ಅಧಿಕಾರ, ಮತ್ತು ಮದ್ಯದಂಗಡಿ ಬೇಕೋ ಬೇಡವೋ ಎಂದು ತೀರ್ಮಾನಿಸುವ ಅಧಿಕಾರ. ಎರಡನೆಯದು ಅಬಕಾರಿ ಇಲಾಖೆ ಮತ್ತು ಜಿಲ್ಲಾಧಿಕಾರಿಯ ಹತ್ತಿರವಿದೆ.

ಪರವಾನಗಿ ಸಣ್ಣ ಅಸ್ತ್ರವಲ್ಲ. ಪಾಕೀಟು ಮಾರುವ ಕಿರಾಣಿ ಅಂಗಡಿಯ ಪರವಾನಗಿ ನವೀಕರಿಸದಿದ್ದರೆ ಸಾಕು, ಅಂಗಡಿಯವನಿಗೆ ಬಿಸಿ ತಟ್ಟುತ್ತದೆ. ಆದರೆ ಹಾಗೆ ಮಾಡಿದ ಪಂಚಾಯತಿ ಹುಡುಕಿದರೆ ಸಿಗುವುದು ಕಷ್ಟ. ಕಾರಣ ಊರಿಗೆಲ್ಲ ಗೊತ್ತು. ಮಾರುವವನು ಯಾರೋ ಸದಸ್ಯರ ಸಂಬಂಧಿಕ, ಇಲ್ಲವೇ ಚುನಾವಣೆಯ ರಾತ್ರಿ ಬೇಕಾಗುವ ಮನುಷ್ಯ. ಅಧಿಕಾರ ಇಲ್ಲ ಎಂದು ಹೇಳುವುದು ಇರುವ ಅಧಿಕಾರ ಬಳಸುವುದಕ್ಕಿಂತ ಸುಲಭ.

ಇನ್ನೊಂದು ದಾರಿ ತಹಶೀಲ್ದಾರರ ಮೇಜಿನ ಮೇಲೆಯೇ ಇದೆ. ತಹಶೀಲ್ದಾರರು ಕಂದಾಯ ಅಧಿಕಾರಿಯಷ್ಟೇ ಅಲ್ಲ, ತಾಲ್ಲೂಕು ಕಾರ್ಯನಿರ್ವಾಹಕ ದಂಡಾಧಿಕಾರಿಯೂ ಹೌದು. ಆ ದಾರಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಪೊಲೀಸ್ ವರದಿಯಿಂದಲಾಗಲಿ, ಬೇರೆ ಯಾವುದೇ ಮಾಹಿತಿಯಿಂದಲಾಗಲಿ, ಸಾರ್ವಜನಿಕ ಜಾಗದಲ್ಲಿ ಉಪದ್ರವವಿದೆ, ಜನರ ಆರೋಗ್ಯ-ನೆಮ್ಮದಿಗೆ ಧಕ್ಕೆ ತರುವ ವ್ಯಾಪಾರ ನಡೆದಿದೆ ಎಂದು ತಿಳಿದರೆ ಅದನ್ನು ತೆರವುಗೊಳಿಸುವ ಷರತ್ತುಬದ್ಧ ಆದೇಶ ಮಾಡಬಹುದು. ಮಧ್ಯಪ್ರದೇಶದ ರತ್ಲಾಮಿನ ಒಂದು ವಾರ್ಡಿನ ಜನ ಇದೇ 133ನೇ ಕಲಂ ಹಿಡಿದು ತಮ್ಮ ನಗರಸಭೆಯನ್ನೇ ಕಟಕಟೆಗೆ ತಂದಿದ್ದರು. ತೆರೆದ ಗಟಾರ, ಬಯಲು ಬಹಿರ್ದೆಸೆ, ಆಲ್ಕೋಹಾಲ್ ಕಾರ್ಖಾನೆಯ ಕೊಳೆ ನೀರು ಅವರ ತಕರಾರು. ರೊಕ್ಕ ಇಲ್ಲ ಎಂದಿತು ನಗರಸಭೆ. ಆ ನೆಪ ನಡೆಯದು ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಬರೆದದ್ದು 1980ರ ಜುಲೈ 29ರಂದು. ಅದೇ ತಿಂಗಳ 21ರಂದು ನಮ್ಮ ನವಲಗುಂದ-ನರಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ನಡೆದಿತ್ತು. ಮಲಪ್ರಭಾ ನೀರಾವರಿಯ ಕರದ ವಿರುದ್ಧ ಸರ್ಕಾರವನ್ನು ಅಲುಗಾಡಿಸಿದ ಸೀಮೆ ಇದು. ಶಾಲೆಯ ಅಂಗಳಕ್ಕಾಗಿ ಒಂದು ಅರ್ಜಿ ಬರೆಯುವುದು ಇಲ್ಲಿಯವರಿಗೆ ದೊಡ್ಡ ಮಾತಲ್ಲ.

ಕುಡಿದು ರಸ್ತೆಯಲ್ಲಿ ಕಿರಿಕಿರಿ ಮಾಡುವವನಿಗೆ 1860ರ ದಂಡ ಸಂಹಿತೆ ಹೇಳಿದ್ದ ಶಿಕ್ಷೆ 24 ಗಂಟೆಯ ಸಾದಾ ಸಜೆ ಇಲ್ಲವೇ ಹತ್ತು ರೂಪಾಯಿ ದಂಡ. ಒಂದೂವರೆ ಶತಮಾನ ಆ ಹತ್ತು ರೂಪಾಯಿ ಹಾಗೇ ಇತ್ತು! ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂ ದಂಡವನ್ನು ಸಾವಿರಕ್ಕೆ ಏರಿಸಿ, ಸಮುದಾಯ ಸೇವೆ ಎಂಬ ಹೊಸ ಶಿಕ್ಷೆಯನ್ನೂ ಸೇರಿಸಿದೆ. ಅಂಗಳದಲ್ಲಿ ಬಾಟಲಿ ಒಡೆದವನಿಂದಲೇ ಆ ಅಂಗಳ ಗುಡಿಸಿಸುವ ದಾರಿ ಈಗ ತೆರೆದಿದೆ. ಆದರೆ ಅದನ್ನು ಹೇಳಬೇಕಾದದ್ದು ನ್ಯಾಯಾಲಯ, ಊರ ಹಿರಿಯರಲ್ಲ.

ಈ ಮಾತು ಒತ್ತಿ ಹೇಳಲು ಕಾರಣವಿದೆ. ಕಾನೂನು ಕೈಕೊಟ್ಟಾಗ ಉತ್ತರ ಕರ್ನಾಟಕದ ಹಳ್ಳಿಗಳು ತಾವೇ ಠರಾವು ಮಾಡುತ್ತವೆ. ಡಂಗುರ ಸಾರುತ್ತಾರೆ: ಮದ್ಯ ಮಾರಿದರೆ ಇಷ್ಟು ದಂಡ, ಇಸ್ಪೀಟ್ ಆಡಿದರೆ ಇಷ್ಟು. ಕೆಲವು ತಿಂಗಳು ಊರು ತಣ್ಣಗಿರುತ್ತದೆ, ಹೆಣ್ಣುಮಕ್ಕಳು ನಿಟ್ಟುಸಿರು ಬಿಡುತ್ತಾರೆ. ಅವರ ಕಷ್ಟ ಕಂಡವರು ಈ ಠರಾವನ್ನು ಹಳಿಯಲಾರರು. ಆದರೆ ಆ ದಂಡಕ್ಕೆ ರಶೀದಿ ಇಲ್ಲ, ಮೇಲ್ಮನವಿ ಇಲ್ಲ. ಇವತ್ತು ಪಾಕೀಟು ಮಾರಿದವನಿಗೆ ಬಿದ್ದ ದಂಡ ನಾಳೆ ಬೇರೆ ಜಾತಿಯ ಹುಡುಗಿಯೊಡನೆ ಮಾತಾಡಿದವನಿಗೆ ಬೀಳಲು, ದಂಡ ಕಟ್ಟದವನ ಮನೆಗೆ ನೀರು-ಬೆಂಕಿ ನಿಲ್ಲಿಸಲು ಹೆಚ್ಚು ಹೊತ್ತು ಬೇಕಿಲ್ಲ.

ಲಿಖಿತ ಕಾನೂನಿದ್ದರೂ ಈ ಅಪಾಯ ತಪ್ಪುವುದಿಲ್ಲ. ಬ್ರಿಟನ್ನಿನಲ್ಲಿ 2014ರ ಕಾಯ್ದೆ ಸ್ಥಳೀಯ ಕೌನ್ಸಿಲುಗಳಿಗೆ ಸಾರ್ವಜನಿಕ ಜಾಗದ ರಕ್ಷಣಾ ಆದೇಶ ಹೊರಡಿಸುವ ಅಧಿಕಾರ ಕೊಟ್ಟಿತು. ಈ ಚೌಕದಲ್ಲಿ ಕುಡಿಯುವಂತಿಲ್ಲ ಎಂದು ಒಮ್ಮೆಗೆ ಮೂರು ವರ್ಷದವರೆಗೆ ಆದೇಶ ಮಾಡಬಹುದು. ಕೆಲವು ಕೌನ್ಸಿಲುಗಳು ಅದನ್ನು ಬೀದಿಯಲ್ಲಿ ಮಲಗುವ ನಿರ್ಗತಿಕರ ಮೇಲೆ, ಭಿಕ್ಷುಕರ ಮೇಲೆ ಬಳಸಿ ಟೀಕೆಗೆ ಗುರಿಯಾದವು.

ನಮಗೆ ಹತ್ತಿರದ ಪಾಠ ಗಡಿಯಾಚೆ ಇದೆ. ಮಹಾರಾಷ್ಟ್ರದಲ್ಲಿ 2008ರ ಆದೇಶದ ಪ್ರಕಾರ ಊರಿನ ಶೇ 25ರಷ್ಟು ಮಹಿಳಾ ಮತದಾರರು ಕೇಳಿದರೆ ಮದ್ಯದಂಗಡಿಯ ಮೇಲೆ ಗುಪ್ತ ಮತದಾನ ನಡೆಸಬೇಕು. ಮತಪತ್ರದಲ್ಲಿ ನಿಂತ ಬಾಟಲಿ, ಅಡ್ಡ ಬಿದ್ದ ಬಾಟಲಿಯ ಚಿತ್ರ. ಅರ್ಧಕ್ಕಿಂತ ಹೆಚ್ಚು ಮಹಿಳೆಯರು ಅಡ್ಡ ಬಾಟಲಿಗೆ ಒತ್ತಿದರೆ ಅಂಗಡಿ ಬಂದ್. ಜತ್ತ, ಅಕ್ಕಲಕೋಟೆಯ ಕನ್ನಡದ ಅಕ್ಕನಿಗೆ ಈ ಮತ ಇದೆ, ಅಣ್ಣಿಗೇರಿಯ ಅಕ್ಕನಿಗೆ ಇಲ್ಲ. ಕೇರಳ ಉಲ್ಟಾ ನಡೆಯಿತು. ಸ್ಥಳೀಯ ಸಂಸ್ಥೆಗಳಿಗಿದ್ದ ನಿರಾಕ್ಷೇಪಣೆಯ ಅಧಿಕಾರವನ್ನು 2017ರಲ್ಲಿ ಸುಗ್ರೀವಾಜ್ಞೆ ಹೊರಡಿಸಿ ಹಿಂದಕ್ಕೆ ಪಡೆಯಿತು. ಕರ್ನಾಟಕದಲ್ಲಿ 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ರಾಜ್ಯದ ಬೊಕ್ಕಸ ಹಿಡಿದಿರುವ ದಾರಿಯಲ್ಲಿ ಪೂರ್ಣ ನಿಷೇಧ ಬರುತ್ತದೆಂದು ನಾನು ನಂಬುವುದಿಲ್ಲ. ಮಹಿಳೆಯರಿಗೆ ಮತ ಕೊಡುವುದಕ್ಕೆ ಅಷ್ಟು ದೊಡ್ಡ ಎದೆ ಬೇಕಿಲ್ಲ. ಪಂಚಾಯತಿಗೆ ಕೊಡಬೇಕಾದ ಅಧಿಕಾರ ಇದು, ದಂಡದ ಕೋಲಲ್ಲ. ಗುಪ್ತ ಮತಪತ್ರದಲ್ಲಿ ಗೌಡರ ಮನೆಯ ಸೊಸೆಗೂ ಕೇರಿಯ ಹೆಣ್ಣುಮಗಳಿಗೂ ಒಂದೇ ತೂಕ.

ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು. ಮುಂದಿನ ಗ್ರಾಮಸಭೆಗೆ ಹೋಗಿ. ಶಾಲೆಗೆ ದೀಪ ಮತ್ತು ಕಂಪೌಂಡ್, ಮದ್ಯ ಮಾರುವ ಅಂಗಡಿಯ ಪರವಾನಗಿ ರದ್ದು, ಇವೆರಡನ್ನೂ ಬಾಯಿಮಾತಿಗೆ ಬಿಡದೆ ನಡಾವಳಿ ಪುಸ್ತಕದಲ್ಲಿ ಬರೆಸಿ. ಅದರ ನಕಲು ತಹಶೀಲ್ದಾರ್, ಅಬಕಾರಿ ನಿರೀಕ್ಷಕ, ಠಾಣೆ ಮೂರೂ ಕಡೆ ಕೊಟ್ಟು ಸ್ವೀಕೃತಿ ಪಡೆಯಿರಿ. ತಹಶೀಲ್ದಾರರಿಗೆ ಕೊಡುವ ಅರ್ಜಿಯಲ್ಲಿ ಕಲಂ 152 ಎಂದು ಸ್ಪಷ್ಟವಾಗಿ ನಮೂದಿಸಿ.