ಮೇಲೆ ಮೇವು, ಕೆಳಗೆ ಅದಿರು

ಹಲವಾಗಲು ಊರಿನ ಬದಿಯಲ್ಲಿ ಹರಿಯುವ ತುಂಗಭದ್ರೆ ಹೂವಿನಹಡಗಲಿ ಸೀಮೆಗೆ ಬಂದಾಗ ಎಡದಂಡೆಯ ಆಚೆ ಕಪ್ಪತಗುಡ್ಡದ ಸೀಮೆ. ಹೊಳೆ ದಾಟಿ ಮುಂಡರಗಿ ಕಡೆ ಹೊರಟವರಿಗೆ ಮೊದಲು ಕಾಣುವುದು ಗುಡ್ಡದ ನೆತ್ತಿಯ ಗಾಳಿಯಂತ್ರಗಳು. ನಾಲ್ಕು ಮಳೆ ಬಿದ್ದರೆ ಸಾಕು, ಕಲ್ಲುಸಂದಿಗಳಲ್ಲೂ ಹುಲ್ಲು ಚಿಗುರುತ್ತದೆ, ಹಿಂಡುಗಳು ಹತ್ತುತ್ತವೆ. ಅದೇ ಕಲ್ಲಿನೊಳಗೆ ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಇವೆ.

ತೆರೆದ ಗಣಿ ಎಂದರೆ ಸುರಂಗ ಕೊರೆಯುವ ಕೆಲಸವಲ್ಲ. ಮೇಲಿನ ಮಣ್ಣು, ಗಿಡ, ಹುಲ್ಲು ಎಲ್ಲವನ್ನೂ ಕೆರೆದು ಬದಿಗೆ ಸುರಿದು, ಕೆಳಗಿನ ಪದರವನ್ನು ಲಾರಿಗೆ ತುಂಬುವುದು. ಒಂದು ಗೇಣು ಮೇಲ್ಮಣ್ಣು ಕೂಡಿಬರಲು ನೂರಾರು ವರ್ಷ ಬೇಕು, ಜೆಸಿಬಿಗೆ ಒಂದು ಬೆಳಗು ಸಾಕು. ಇಳಿಜಾರಿನಲ್ಲಿ ಸುರಿದ ಆ ಮಣ್ಣು ಮಳೆಗಾಲದಲ್ಲಿ ಹಳ್ಳಕ್ಕೆ ಇಳಿದು ಕೆರೆಯಲ್ಲಿ ಹೂಳಾಗುತ್ತದೆ.

ದನ ಕುರಿ ಮೇಯಿಸುವವರು ಇಂಥ ಗಣಿಗೆ ಎದುರು ನಿಂತು ಕಾನೂನನ್ನೇ ಬದಲಿಸಿದ ಕತೆ ಅಮೆರಿಕದ ಮೊಂಟಾನಾದ್ದು. 1916ರ ಕಾನೂನೊಂದು ಅಲ್ಲಿ ಪಶುಪಾಲಕ ಕುಟುಂಬಗಳಿಗೆ 640 ಎಕರೆವರೆಗೆ ನೆಲ ಕೊಟ್ಟಿತು. ಕೊಟ್ಟದ್ದು ಮೇಲ್ಮೈ ಮಾತ್ರ. ಕೆಳಗಿನ ಕಲ್ಲಿದ್ದಲನ್ನು ಸರ್ಕಾರ ತನ್ನಲ್ಲೇ ಉಳಿಸಿಕೊಂಡಿತು. ಆಗ ಅದನ್ನು ಯಾರು ಲೆಕ್ಕಕ್ಕೆ ಇಟ್ಟಾರು? 1971ರಲ್ಲಿ ಆ ಸೀಮೆಯ ಕಲ್ಲಿದ್ದಲು ನಂಬಿ 42 ವಿದ್ಯುತ್ ಸ್ಥಾವರಗಳ ಯೋಜನೆ ಹೊರಬಿದ್ದಾಗ, ತಮ್ಮ ಹುಲ್ಲುಗಾವಲಿನ ಅಡಿ ತಮ್ಮದಲ್ಲ ಎಂಬುದು ಎಷ್ಟೋ ಮನೆಗಳಿಗೆ ದೊಡ್ಡ ಸಂಕಟವಾಯಿತು. ಅಲ್ಲಿ ಕಲ್ಲಿದ್ದಲಿನ ಪದರವೇ ಅಂತರ್ಜಲ ಹಿಡಿದಿಡುವ ಪದರ, ಅದನ್ನು ತೆಗೆದರೆ ದನಕ್ಕೆ ನೀರು ಕುಡಿಸುವ ಬಾವಿಯೂ ಬತ್ತುತ್ತದೆ. 1972ರಲ್ಲಿ ಅವರು 'ನಾರ್ದರ್ನ್ ಪ್ಲೇನ್ಸ್ ರಿಸೋರ್ಸ್ ಕೌನ್ಸಿಲ್' ಕಟ್ಟಿಕೊಂಡರು. ಇಂಥ ಸಂಘಗಳ ಒತ್ತಾಯದ ನಡುವೆ 1977ರಲ್ಲಿ ಒಕ್ಕೂಟ ಸರ್ಕಾರದ ಕಾನೂನು ಬಂತು. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು ಗಣಿ ಮುಗಿದ ಮೇಲೆ ಮತ್ತೆ ಹರಡಬೇಕು. ಕೆಳಗಿನ ಕಲ್ಲಿದ್ದಲು ಒಕ್ಕೂಟ ಸರ್ಕಾರದ್ದೇ ಆದರೂ ತೆರೆದ ಗಣಿಗೆ ಗುತ್ತಿಗೆ ಕೊಡುವ ಮೊದಲು ಮೇಲಿನ ನೆಲದ ಒಡೆಯರ ಲಿಖಿತ ಒಪ್ಪಿಗೆ ಬೇಕು.

ನಮ್ಮ ಕುರಿಗಾಹಿಯ ಪಾಡು ಇದಕ್ಕಿಂತ ತೊಡಕಿನದು. ಮೊಂಟಾನಾದವರ ಕೈಯಲ್ಲಿ ಮೇಲ್ಮೈಯ ಪತ್ರವಾದರೂ ಇತ್ತು. ಗುಡ್ಡದಲ್ಲಿ ಮೇಯಿಸಿ, ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಹಿಂಡು ತರುಬಿಸಿ, ಆ ಗೊಬ್ಬರಕ್ಕೆ ಕಾಳೋ ಕಾಸೋ ಪಡೆಯುವವನ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಗುಡ್ಡ ಹೋದರೆ ಅವನಿಗೆ ಆದ ನಷ್ಟ ಪರಿಹಾರದ ಪಟ್ಟಿಗೆ ಹತ್ತುವುದಿಲ್ಲ. ಗಣಿ ಚರ್ಚೆಯಲ್ಲಿ ಅವನು ಕಾಣದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಪತ್ರ ಇದ್ದವರು ಗೆದ್ದದ್ದನ್ನು ಮುಂಡರಗಿ ತಾಲ್ಲೂಕು ಕಂಡಿದೆ. ಹಳ್ಳಿಗುಡಿ ಸುತ್ತಲಿನ ಸಾವಿರಾರು ಎಕರೆಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುವುದಿತ್ತು. ರೈತರು ಎದ್ದರು, ಡಂಬಳ-ಗದಗ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಬೆನ್ನಿಗೆ ನಿಂತರು, 2011ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು.

ಕಪ್ಪತಗುಡ್ಡದ ವಿಷಯ ಅಷ್ಟು ಸಲೀಸಾಗಲಿಲ್ಲ. 2015ರ ಡಿಸೆಂಬರಿನಲ್ಲಿ ಸುಮಾರು 17,872 ಹೆಕ್ಟೇರು ಸಂರಕ್ಷಿತ ಪ್ರದೇಶವಾಯಿತು. ವರ್ಷ ತುಂಬುವ ಮೊದಲೇ, 2016ರ ನವೆಂಬರಿನಲ್ಲಿ, ಸರ್ಕಾರ ಆ ಆದೇಶವನ್ನು ವಾಪಸ್ ಪಡೆಯಿತು. ಸ್ಥಳೀಯರೊಂದಿಗೆ ಸಮಾಲೋಚಿಸಿಲ್ಲ ಎಂಬುದು ನೆವ. ವನ್ಯಜೀವಿ ಕಾಯ್ದೆಯ 36ಎ ಕಲಮು ಸಮಾಲೋಚನೆ ಬೇಕೆನ್ನುವುದು ನಿಜವೇ. ಜನರನ್ನು ಕೇಳಲಿಲ್ಲವೆಂದು ಗುಡ್ಡದ ರಕ್ಷಣೆ ತೆಗೆದವರು, ತೆಗೆಯುವಾಗಲೂ ಜನರನ್ನು ಕೇಳಲಿಲ್ಲ! 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ನಡೆದ ಧರಣಿಗೆ ರೈತರು, ಮಠಗಳವರು, ಪರಿಸರ ಸಂಘಟನೆಯವರು ತಾವಾಗಿ ಬಂದು ಕುಳಿತದ್ದೇ ಆ ಸಮಾಲೋಚನೆ ಎನ್ನಬೇಕು. ಏಪ್ರಿಲಿನಲ್ಲಿ ಸಂರಕ್ಷಿತ ಪ್ರದೇಶದ ಸ್ಥಾನ ಮರಳಿತು. ತೋಂಟದ ಶ್ರೀಗಳು 2018ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮರುವರ್ಷ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ಅಭಯಾರಣ್ಯವಾಯಿತು.

ಗಣಿ ಅರ್ಜಿಗಳು ಅಲ್ಲಿಗೆ ನಿಲ್ಲಲಿಲ್ಲ. ಗುಡ್ಡದ ಆಸುಪಾಸಿನ ಪ್ರಸ್ತಾವಗಳನ್ನು ರಾಜ್ಯ ವನ್ಯಜೀವಿ ಮಂಡಳಿ 2024ರ ಅಕ್ಟೋಬರಿನಲ್ಲಿ ತಿರಸ್ಕರಿಸಿತು. ಅಭಯಾರಣ್ಯದೊಳಗೆ, ಅದರ ಗಡಿಯಿಂದ ಒಂದು ಕಿಲೋಮೀಟರ್ ಒಳಗೆ ಗಣಿ ಕೂಡದೆಂಬ ಸುಪ್ರೀಂ ಕೋರ್ಟಿನ ಆದೇಶವೂ ಇದೆ.

ಕುರಿಗಾಹಿಯ ಮಟ್ಟಿಗೆ ಹೇಳುವುದಾದರೆ, ಗಣಿಯನ್ನು ದೂರ ಇಟ್ಟ ವನ್ಯಜೀವಿ ಕಾಯ್ದೆಯೇ ಅವನ ಹಿಂಡನ್ನೂ ತಡೆದು ನಿಲ್ಲಿಸಬಲ್ಲದು. ಅಭಯಾರಣ್ಯದಲ್ಲಿ ಮೇಯಿಸುವುದನ್ನು ನಿಯಂತ್ರಿಸುವ, ಬೇಕೆನಿಸಿದರೆ ನಿಷೇಧಿಸುವ ಅಧಿಕಾರ 33ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರದು. ಒಳಗೂ ಗಡಿಯಿಂದ ಐದು ಕಿಲೋಮೀಟರ್ ವರೆಗೂ ಇರುವ ಸಾಕುಪ್ರಾಣಿಗಳಿಗೆ ಸಾಂಕ್ರಾಮಿಕ ರೋಗದ ಲಸಿಕೆ ಹಾಕಿಸುವ ಹೊಣೆಯನ್ನು 33ಎ ಅವರ ಮೇಲೆಯೇ ಹೊರಿಸಿದೆ. ಹಿಂಡು ಗುಡ್ಡದ ಬುಡಕ್ಕೆ ಬಂದಾಗ ಲಸಿಕೆ ಕೇಳಿ ಪಡೆಯುವುದು ಕುರಿಗಾಹಿಯ ಹಕ್ಕು.